ಕೆಳಗಿನ ಮನೆಯ ಅನಿಲ ಸ್ಥಿರಾಂಕ

ಘೋಟಿಯಿಂದ ಅಕ್ಕಿ ತರುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ನಾಶಿಕದಲ್ಲಿ ಅಕ್ಕಿ ಸಿಗುವುದಿಲ್ಲ ಅಂತಲ್ಲ. ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು, ಗಂಡನಾದವನು ಅವಳ ವರ್ಗಾವಣೆಯ ಹಿಂದೆ ಊರೂರು ತಿರುಗುವವನಾದರೆ, ಆಗಾಗ ದೂರ ಹೋಗಿ ಏನಾದರೂ ಭಾರವಾದದ್ದನ್ನು ಹೊತ್ತು ತರುವುದು ಅವನ ಮರ್ಯಾದೆಗೆ ಒಳ್ಳೆಯದು. ಹೋದ ಭಾನುವಾರ ಹಾಗೆ ಹೊತ್ತು ತರುವಾಗ ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಯಲ್ಲಿ ಕಾರಿನ ಗಾಲಿಗಳಿಗೆ ಗಾಳಿ ತುಂಬಿಸಲು ನಿಂತೆ. ಇಗತಪುರಿಯ ಕಡೆಯಿಂದ ಮೋಡ ಕವಿದು ಬರುತ್ತಿತ್ತು. ಅಂಗಡಿಯ ಮುದುಕ ಗಾಳಿಯ ಒತ್ತಡ ಅಳೆಯುವ ಗೇಜನ್ನು ಅಂಗಿಯ ಚುಂಗಿನಿಂದ ಒರೆಸಿ, ಮುಳ್ಳು ಸೊನ್ನೆಯ ಮೇಲಿದೆ ನೋಡಿಕೊಳ್ಳಿ ಎನ್ನುವಂತೆ ನನ್ನ ಮುಖದ ಹತ್ತಿರ ಹಿಡಿದ. ತನ್ನ ಗೇಜು ಸುಳ್ಳು ಹೇಳುವುದಿಲ್ಲ ಎಂದು ತೋರಿಸುವುದಷ್ಟೇ ಅವನ ಉದ್ದೇಶ. ನನಗೆ ಮಾತ್ರ ಹೊಟ್ಟೆಯಲ್ಲಿ ಚುರ್ ಎಂದಿತು.

ಆ ಚುರ್ ಎನ್ನುವುದರ ಹೆಸರು ಹೊಟ್ಟೆಕಿಚ್ಚು. ನಿಮಗೆ ಅದರ ಪರಿಚಯವಿಲ್ಲ ಎಂದರೆ ನಾನು ನಂಬುವುದಿಲ್ಲ, ಆದರೆ ಒತ್ತಾಯವೂ ಮಾಡುವುದಿಲ್ಲ. ನನ್ನದು ನಾಲ್ಕು ವರ್ಷ ಹಳೆಯದು. ನಮ್ಮ ಕೆಳಗಿನ ಮನೆಯ ಶಿವಶರಣಪ್ಪನವರ ಮೇಲಿನದು. ಕಾರಣ ಕೇಳಿದರೆ ನಗುತ್ತೀರಿ: ರಸಾಯನಶಾಸ್ತ್ರದ ಪುಸ್ತಕದಲ್ಲಿ ಆರ್ ಎಂಬ ಒಂದೇ ಅಕ್ಷರದಲ್ಲಿ ಬರೆಯುವ ಅನಿಲ ಸ್ಥಿರಾಂಕ.

ಮೊದಲು ನನ್ನ ವಿಷಯ ಹೇಳಬೇಕು. ನಾನು ಹುಮನಾಬಾದಿನ ಕಡೆಯವನು. ಸಂಭಾಜಿನಗರದಲ್ಲಿ ಹನ್ನೊಂದು ವರ್ಷ ರಸಾಯನಶಾಸ್ತ್ರದ ಖಾಸಗಿ ಕ್ಲಾಸು ನಡೆಸಿದೆ. ಒಂದು ಮಳಿಗೆಯ ಮಹಡಿ, ನಾಲ್ಕು ಸಾಲು ಬೆಂಚು, ಒಂದು ಕಪ್ಪು ಹಲಗೆ. ಹಲಗೆಯ ಪಕ್ಕದ ಗೋಡೆಗೆ ನಾನೇ ಬರೆದು ಅಂಟಿಸಿದ ಒಂದು ಪಟ್ಟಿ. ಅದರಲ್ಲಿ ನಾಲ್ಕು ಸಾಲು. ಮೊದಲನೆಯದು ಒತ್ತಡವನ್ನು ಅಟ್ಮಾಸ್ಫಿಯರಿನಲ್ಲಿ, ಗಾತ್ರವನ್ನು ಲೀಟರಿನಲ್ಲಿ ಅಳೆದರೆ ಆರ್‌ನ ಬೆಲೆ: 0.0821. ಎರಡನೆಯದು ಒತ್ತಡ ಬಾರ್‌ನಲ್ಲಿದ್ದರೆ: 0.0831. ಮೂರನೆಯದು ಜೂಲ್‌ನಲ್ಲಿ: 8.314. ನಾಲ್ಕನೆಯದು ಕ್ಯಾಲೊರಿಯಲ್ಲಿ: 1.987. ಹುಡುಗರು ದಿನವೂ ಕ್ಲಾಸು ಶುರುವಾಗುವ ಮೊದಲು ಇದನ್ನು ಪ್ರಾರ್ಥನೆಯಂತೆ ಒಪ್ಪಿಸಬೇಕು. ಏಕಮಾನ ಬರೆಯದೆ ಬರಿ ಅಂಕಿ ಬರೆದ ಉತ್ತರಕ್ಕೆ ನನ್ನಲ್ಲಿ ಸೊನ್ನೆ. ಎಂಟು ಪಾಯಿಂಟ್ ಮೂರು ಒಂದು ನಾಲ್ಕು ಎಂದರೆ ಎಂಟು ಏನು, ಬದನೆಕಾಯಿಯೇ ಎಂದು ಕೇಳುತ್ತಿದ್ದೆ. ಹನ್ನೊಂದು ವರ್ಷವೂ ಅದೇ ಬದನೆಕಾಯಿ, ಹನ್ನೊಂದು ವರ್ಷವೂ ಹುಡುಗರು ನಕ್ಕರು. ಬಸ್‌ಸ್ಟ್ಯಾಂಡಿನಲ್ಲಿ ಕೂಡ ಯಾರಾದರೂ ಬಂದು ಸರ್ ಎಂದು ಕಾಲಿಗೆ ಬೀಳುತ್ತಿದ್ದರು. ಮನುಷ್ಯನಿಗೆ ಇಷ್ಟು ಸಾಕು ಎಂದು ನೀವು ಹೇಳಬಹುದು. ಸಾಕಾಗಿತ್ತು, ಹೆಂಡತಿಗೆ ನಾಶಿಕಕ್ಕೆ ವರ್ಗವಾಗುವ ತನಕ.

ನಾಶಿಕದಲ್ಲಿ ನನ್ನನ್ನು ಯಾರೂ ಬಲ್ಲವರಿರಲಿಲ್ಲ. ಇಲ್ಲಿ ಕ್ಲಾಸು ಎಂದರೆ ಮೂರು ಮಹಡಿಯ ಕಟ್ಟಡ, ಚೌಕದ ತುಂಬ ಪಾಸಾದ ಮಕ್ಕಳ ಫೋಟೊ ಹಲಗೆಗಳು. ನಾನು ಅಪಾರ್ಟ್‌ಮೆಂಟಿನ ಗೇಟಿಗೆ ಅಂಟಿಸಿದ ಚೀಟಿಯನ್ನು ಮೂರನೆಯ ದಿನ ಯಾರೋ ಹಾಲಿನವನು ತನ್ನ ಚೀಟಿಯಿಂದ ಮುಚ್ಚಿದ್ದ. ಕೊನೆಗೆ ನನಗೆ ಉಳಿದ ವಿದ್ಯಾರ್ಥಿ ಒಬ್ಬಳೇ, ನನ್ನ ಮಗಳು ಅಕ್ಷತಾ. ಅವಳು ಹನ್ನೊಂದನೆಯ ತರಗತಿಗೆ ಬಂದಿದ್ದಳು. ಅವಳ ಪುಸ್ತಕದಲ್ಲಿ ಅನಿಲಗಳ ಪಾಠ ಬರುವುದನ್ನು ನಾನು ಹೇಗೆ ಕಾದೆನೆಂದರೆ, ಬೇರೆಯವರು ಮಗಳ ನಿಶ್ಚಿತಾರ್ಥವನ್ನೂ ಹಾಗೆ ಕಾಯುವುದಿಲ್ಲ. ಆ ಪಾಠ ಬಂದ ದಿನ ಹಳೆಯ ಪಟ್ಟಿಯನ್ನು ಹೊಸ ಹಾಳೆಯಲ್ಲಿ ಬರೆದು ಅವಳ ಮೇಜಿನ ಮುಂದೆ ಅಂಟಿಸಿದೆ. ಬದನೆಕಾಯಿಯನ್ನೂ ಹೇಳಿದೆ. ಅವಳು ನಗಲಿಲ್ಲ.

"ಪಪ್ಪಾ, ಒಂದೇ ಆರ್ ಅದ ಅಂದ್ರ ನಾಲ್ಕ ನಂಬರ್ ಕಶಾಲಾ?" ಎಂದಳು. ಅವಳ ಕನ್ನಡ ಹಾಗೆಯೇ, ಯಾಕೆ ಎನ್ನುವುದು ಯಾವಾಗಲೂ ಮರಾಠಿಯಲ್ಲೇ ಬರುತ್ತದೆ.

ಒಳ್ಳೆಯ ಪ್ರಶ್ನೆ. ಹನ್ನೊಂದು ವರ್ಷದಲ್ಲಿ ಯಾವ ಹುಡುಗನೂ ಕೇಳದ ಪ್ರಶ್ನೆ. ಆದರೆ ನಾನು ಮೊದಲು ಬಾಯಿಪಾಠ ಮಾಡು, ತಿಳಿಯುವುದು ಆಮೇಲೆ ತಾನೇ ತಿಳಿಯುತ್ತದೆ ಎಂದೆ. ಅವಳು ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಪುಸ್ತಕ ಮುಚ್ಚಿದಳು. ಅವಳ ತಾಯಿ ಕೆಳಗಿನ ಮನೆಗೆ ಡಬ್ಬಿ ಕೊಟ್ಟು ಬಾ ಎಂದಿದ್ದಳು, ಅದನ್ನು ತೆಗೆದುಕೊಂಡು ಹೋದಳು.

ಕೆಳಗಿನ ಮನೆಯಲ್ಲಿದ್ದವರು ಶಿವಶರಣಪ್ಪನವರು. ಕಲಬುರಗಿ ಜಿಲ್ಲೆಯ ಆಳಂದದ ಕಡೆಯವರು, ಐಟಿಐ ಓದಿದವರು. ದಿಂಡೋರಿಯ ಕಡೆ ದ್ರಾಕ್ಷಿಯಿಂದ ವೈನ್ ಮಾಡುವ ಒಂದು ಕಾರ್ಖಾನೆಯಲ್ಲಿ ಕಂಪ್ರೆಸರು ಮತ್ತು ಗ್ಯಾಸಿನ ಸಿಲಿಂಡರುಗಳನ್ನು ನೋಡಿಕೊಳ್ಳುತ್ತಿದ್ದರು. ದಿನಾ ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ವೈನಿನ ಕಾರ್ಖಾನೆಗೆ ಹೋಗುವ, ಅದರ ಒಂದು ಹನಿಯನ್ನೂ ಬಾಯಿಗೆ ಮುಟ್ಟಿಸದ ಮನುಷ್ಯ. ಮಗ ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಇಲ್ಲಿ ಗಂಡ ಹೆಂಡತಿ ಇಬ್ಬರೇ. ನಮ್ಮ ಅಕ್ಷತಾಳಿಗೆ ಅವರು ಕಾಕಾ.

ಡಬ್ಬಿ ಕೊಡಲು ಹೋದವಳು ಒಂದು ತಾಸಾದರೂ ಬರಲಿಲ್ಲ. ಬಂದಾಗ ಅಂಗೈ ಕೆಂಪಗಾಗಿತ್ತು, ಮುಖ ಬೆವತಿತ್ತು. "ಪಪ್ಪಾ, ಮಲಾ ಕಳ್ಲಂ," ಎಂದಳು, ನನಗೆ ತಿಳಿಯಿತು ಎಂದು. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಕಾಕಾಗೆ ಆರ್ ಎಂದರೆ ಏನೆಂದು ಗೊತ್ತಿರಲಿಲ್ಲವಂತೆ. ಅದು ಹೋಗಲಿ, ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಏನು ಬರುತ್ತದೆ ಹೇಳು ಎಂದರಂತೆ. ಇವಳಿಗೂ ಗೊತ್ತಿರಲಿಲ್ಲ. ಅವರು ಒಳಗಿನಿಂದ ಸೈಕಲ್ ಪಂಪು ತಂದು, ಅದರ ತೂತನ್ನು ತಾವು ಬೆರಳಿನಿಂದ ಮುಚ್ಚಿ ಹಿಡಿದು, ಒತ್ತು ಎಂದರಂತೆ. ಒತ್ತಿ ಒತ್ತಿ ಇವಳ ಕೈ ಸೋತಾಗ, ಈಗ ನೀನು ಗಾಳಿಯನ್ನು ಒತ್ತಿ ಚಿಕ್ಕದು ಮಾಡಿದೆ, ಮೈ ಬೆವರಿತು, ಪಂಪು ಬಿಸಿಯಾಯಿತು. ಎಷ್ಟು ಜೋರಾಗಿ ಒತ್ತಿದೆಯೋ ಅದನ್ನು ಎಷ್ಟು ಜಾಗ ಒತ್ತಿದೆಯೋ ಅದರಿಂದ ಗುಣಿಸಿದರೆ ಬರುವುದು ಈ ಬೆವರೇ, ಅಂದರೆ ನೀನು ಮಾಡಿದ ಕೆಲಸ ಎಂದರಂತೆ. ಉಳಿದದ್ದನ್ನು ಅವಳೇ ಕೂಡಿಸಿಕೊಂಡಿದ್ದಳು. ಜೂಲ್ ಎಂದರೂ ಕೆಲಸ, ಕ್ಯಾಲೊರಿ ಎಂದರೂ ಕೆಲಸ, ಹಾಗಾದರೆ ಲೀಟರ್-ಅಟ್ಮಾಸ್ಫಿಯರ್ ಎಂದರೂ ಕೆಲಸವೇ. ಅಳತೆ ಬೇರೆ, ಬೆವರು ಒಂದೇ. ಒಂದು ಲೀಟರ್-ಅಟ್ಮಾಸ್ಫಿಯರಿಗೆ ನೂರಾ ಒಂದು ಜೂಲಿಗಿಂತ ತುಸು ಹೆಚ್ಚು ಎಂದು ಪುಸ್ತಕದಲ್ಲಿ ಹುಡುಕಿ, ನನ್ನ ಮೊದಲ ಸಾಲನ್ನು ಅದರಿಂದ ಗುಣಿಸಿ, ಮೂರನೆಯ ಸಾಲನ್ನು ಹೊರಗೆ ತೆಗೆದು ತೋರಿಸಿದಳು.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಎಸ್ಸಿ ಮಾಡಿದವನಿಗೆ ಇಷ್ಟೂ ಗೊತ್ತಿಲ್ಲದೆ ಇರುತ್ತದೆಯೇ. ಆದರೆ ಹನ್ನೊಂದು ವರ್ಷ ಒಬ್ಬ ಹುಡುಗನಿಗೂ ಹೇಳಿರಲಿಲ್ಲ, ಹೇಳಬೇಕೆಂದು ಹೊಳೆದೂ ಇರಲಿಲ್ಲ. ಮಗಳ ಮುಖದಲ್ಲಿ ಇದ್ದ ಬೆಳಕು ನನ್ನ ಪಾಠದಿಂದ ಬರಬೇಕಾಗಿದ್ದ ಬೆಳಕು. ಅದನ್ನು ಕೆಳಗಿನ ಮನೆಯವರು ಸೈಕಲ್ ಪಂಪಿನಿಂದ ತುಂಬಿ ಕಳಿಸಿದ್ದರು. ನಾನು ಸರಿ ಸರಿ, ಅದು ಮುಂದಿನ ಪಾಠದಲ್ಲಿ ಬರುತ್ತದೆ ಎಂದೆ. ಆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಅಜೀರ್ಣವೇ ಎಂದು ಕೇಳಿದಳು, ಹೌದು ಎಂದೆ.

ಅಲ್ಲಿಂದ ಅವಳು ದಿನಾ ಕೆಳಗೆ. ನನ್ನ ಪಟ್ಟಿಯ ನಾಲ್ಕು ಸಾಲನ್ನೂ ಬರೆದು ಕಾಕಾಗೆ ಕೊಟ್ಟು ಬಂದಿದ್ದಳು. ಮೇಲೆ ಬಂದರೆ ಕಾಕಾ ಹೀಗೆ ಅಂದರು, ಕಾಕಾ ಹಾಗೆ ಅಂದರು. ಕಾಕಾಗೆ ಸಿಲಿಂಡರನ್ನು ತಟ್ಟಿದರೆ ಸಾಕು, ಎಷ್ಟು ಗ್ಯಾಸಿದೆ ಗೊತ್ತಾಗುತ್ತದೆ. ನಾನೂ ಒಂದು ದಿನ, ಯಾರೂ ಇಲ್ಲದಾಗ, ನಮ್ಮ ಅಡುಗೆಯ ಸಿಲಿಂಡರನ್ನು ತಟ್ಟಿ ನೋಡಿದೆ. ಏನೂ ಗೊತ್ತಾಗಲಿಲ್ಲ. ಸಂಭಾಜಿನಗರದಲ್ಲಿ ಇದ್ದಿದ್ದರೆ ನನ್ನ ಒಬ್ಬ ವಿದ್ಯಾರ್ಥಿ ಕಡಿಮೆಯಾದರೆ ಇನ್ನೊಬ್ಬ ಬರುತ್ತಿದ್ದ. ಇಲ್ಲಿ ಇದ್ದವಳೇ ಒಬ್ಬಳು.

ಒಂದು ದಿನ ಶಿವಶರಣಪ್ಪನವರು ಕ್ಯಾಲೆಂಡರಿನ ಹಾಳೆಯ ಹಿಂದೆ ಅವಳಿಗೊಂದು ಲೆಕ್ಕ ಬರೆದುಕೊಟ್ಟರು. ನೈಟ್ರೋಜನ್ನಿನ ಸಿಲಿಂಡರು ನಲವತ್ತೇಳು ಲೀಟರಿನದು, ಗೇಜು ಇಪ್ಪತ್ತು ಬಾರ್ ತೋರಿಸುತ್ತಿದೆ, ಇಪ್ಪತ್ತೇಳು ಡಿಗ್ರಿ ಬಿಸಿ. ಒಳಗೆ ಎಷ್ಟು ಮೋಲ್ ಗ್ಯಾಸಿದೆ? ಅಕ್ಷತಾ ಮಾಡಿ ನನಗೆ ತೋರಿಸಿದಳು. ಡಿಗ್ರಿಯನ್ನು ಕೆಲ್ವಿನ್ ಮಾಡಿದ್ದಳು, ಎರಡನೆಯ ಸಾಲಿನ ಆರ್ ಹಿಡಿದಿದ್ದಳು, ಏಕಮಾನ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿ, ನಿಮ್ಮ ಕಾಕಾಗೆ ತೋರಿಸು ಹೋಗು ಎಂದೆ. ಆ ಸರಿ ಗುರುತು ಅವಳಿಗಲ್ಲ, ಅವರಿಗೆ ಹಾಕಿದ್ದು.

ಹತ್ತು ನಿಮಿಷದಲ್ಲಿ ಅವಳು ವಾಪಸ್ಸು ಬಂದಳು. ಲೆಕ್ಕ ತಪ್ಪಂತೆ. ಗೇಜಿನ ಮುಳ್ಳು ಸೊನ್ನೆಯ ಮೇಲಿದ್ದಾಗಲೂ ಸಿಲಿಂಡರಿನೊಳಗೆ ಹೊರಗಿನಷ್ಟೇ ಒತ್ತಡದ ಗ್ಯಾಸು ಇದ್ದೇ ಇರುತ್ತದೆ. ಗೇಜು ಅದರ ಮೇಲಿನದನ್ನಷ್ಟೇ ಎಣಿಸುತ್ತದೆ. ಆದ್ದರಿಂದ ಇಪ್ಪತ್ತಕ್ಕೆ ಒಂದು ಕೂಡಿಸಿ ಇಪ್ಪತ್ತೊಂದು ಹಿಡಿಯಬೇಕು. ನಿಜ. ಅಕ್ಷರಶಃ ನಿಜ. ನಾನು ಜೀವಮಾನದಲ್ಲಿ ಗೇಜು ಮುಟ್ಟಿದವನಲ್ಲ, ನನ್ನ ಪುಸ್ತಕದ ಲೆಕ್ಕಗಳಲ್ಲಿ ಒತ್ತಡ ಎಂದರೆ ಒತ್ತಡ. ಕಾಕಾ ಏನಾದರೂ ಅಂದರೇ ಎಂದು ಕೇಳಿದೆ. ಏನೂ ಅನ್ನಲಿಲ್ಲ, ಪಪ್ಪಾ ಪುಸ್ತಕದ ಲೆಕ್ಕದವರು, ಇದು ಎಣ್ಣೆ ಕೈಯವರ ಲೆಕ್ಕ, ಅದಕ್ಕೇ ಹೀಗಾಯಿತು ಎಂದರು ಅಂದಳು. ಅವರು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಕ್ಷತಾ ನನ್ನ ಕೆಂಪು ಗುರುತಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸರಿಯಾದ ಉತ್ತರ ಬರೆದುಕೊಂಡಳು.

ಇಲ್ಲಿಯ ತನಕದ್ದು ನಗುವ ಮಾತು. ಮುಂದಿನದನ್ನು ಹೇಳಲು ನಾಲ್ಕು ವರ್ಷ ಬೇಕಾಯಿತು.

ಒಂದು ಶನಿವಾರ ಸಂಜೆ ಶಿವಶರಣಪ್ಪನವರೇ ಮೇಲೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕೂಡಿರಿ ಎಂದರೂ ಕೂಡದೆ, ಮಡಿಸಿದ ಎರಡು ಹಾಳೆ ತೆಗೆದರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಜಾಗಕ್ಕೆ ಸೋಮವಾರ ಒಂದು ಪರೀಕ್ಷೆ ಇತ್ತು. ಹಿಂದೆ ಬಂದ ನಮೂನೆಯ ಎಂಟು ಲೆಕ್ಕಗಳನ್ನು ಮಾಡಿಕೊಂಡು ತಂದಿದ್ದರು.

"ಹತ್ತ ವರ್ಷ ಆತ್ರಿ ಸರ್, ಇನ್ನಾ ಕಾಂಟ್ರ್ಯಾಕ್ಟಿನ ಮ್ಯಾಲೇ ಅದೀನಿ. ಇದರಾಗ ಪಾಸಾದ್ರ ಪಕ್ಕಾ ಮಾಡ್ತಾರ. ನೀವೊಂದೀಟು ಕಣ್ಣಾಡಸ್ರಿ. ನಿಮ್ಮ ಕಣ್ಣಿಗಿ ತಪ್ಪ ತಪ್ಪಿಸಿಕೊಳ್ಳಾಂಗಿಲ್ಲ."

ಸರ್ ಎಂದು ನಾಶಿಕದಲ್ಲಿ ನನ್ನನ್ನು ಕರೆದವರು ಅವರೊಬ್ಬರೇ ಎಂಬುದು ಈಗ ನೆನಪಾಗುತ್ತದೆ. ಆಗ ಹೊಳೆಯಲಿಲ್ಲ.

ಅವರು ಹೋದ ಮೇಲೆ ಪೆನ್ಸಿಲು ಹಿಡಿದು ಕೂತೆ. ದುಂಡಗಿನ ಅಕ್ಷರ. ಗೇಜಿಗೆ ಒಂದು ಕೂಡಿಸಿದ್ದರು, ಡಿಗ್ರಿಯನ್ನು ಕೆಲ್ವಿನ್ ಮಾಡಿದ್ದರು. ಆದರೆ ಒತ್ತಡ ಬಾರ್‌ನಲ್ಲಿದ್ದಾಗಲೂ ನನ್ನ ಪಟ್ಟಿಯ ಮೊದಲ ಸಾಲನ್ನೇ, ಅಟ್ಮಾಸ್ಫಿಯರಿನ ಆರ್ ಅನ್ನೇ ಹಿಡಿದಿದ್ದರು. ಎಂಟರಲ್ಲಿ ಐದು ಲೆಕ್ಕ ಹೀಗೆ. ಕಾರಣ ನನಗೆ ಕೂಡಲೇ ತಿಳಿಯಿತು. ಅವರ ಕಸುಬಿನಲ್ಲಿ ಒತ್ತಡಕ್ಕೆ ಕೆಜಿ ಎನ್ನುತ್ತಾರೆ, ಬಾರ್ ಎನ್ನುತ್ತಾರೆ, ಅಟ್ಮಾಸ್ಫಿಯರ್ ಎನ್ನುತ್ತಾರೆ, ಮೂರೂ ಅವರಿಗೆ ಒಂದೇ. ಯಂತ್ರಕ್ಕೆ ನೂರಕ್ಕೆ ಒಂದರಷ್ಟು ವ್ಯತ್ಯಾಸದಿಂದ ಏನೂ ಆಗುವುದಿಲ್ಲ. ಪರೀಕ್ಷೆಗೆ ಆಗುತ್ತದೆ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುವ ಪ್ರಶ್ನೆಯಲ್ಲಿ ಈ ತಪ್ಪಿನ ಉತ್ತರವನ್ನೂ ಬೇಕೆಂದೇ ಇಟ್ಟಿರುತ್ತಾರೆ. ಇದು ಹನ್ನೊಂದು ವರ್ಷ ನಾನೇ ಮಾಡಿದ ಕೆಲಸ.

ಕೈ ತಾನಾಗಿಯೇ ಮೊದಲ ತಪ್ಪಿನ ಸುತ್ತ ಸುತ್ತು ಹಾಕಿತ್ತು. ಮೇಷ್ಟ್ರ ಕೈ, ಅದಕ್ಕೆ ಅಷ್ಟೇ ಗೊತ್ತು. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಚಹಾ ಕುಡಿಯಲು ಎದ್ದೆ. ಚಹಾ ಕುಡಿಯುತ್ತ ಯೋಚನೆ ಬೇರೆ ದಾರಿ ಹಿಡಿಯಿತು. ಅವರು ಫೇಲಾದರೆ? ಕಾಕಾಗೆ ಆರ್ ಯಾವುದು ಎಂದೇ ತಿಳಿಯದು ಎಂದು ಅಕ್ಷತಾಳಿಗೆ ಗೊತ್ತಾದರೆ? ನಾನು ಏನೂ ಸುಳ್ಳು ಹೇಳಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ವ್ಯತ್ಯಾಸವಾದರೂ ಎಷ್ಟು, ನೂರಕ್ಕೆ ಒಂದು. ಹೀಗೆಲ್ಲ ಎಂದುಕೊಂಡು ಬಂದು ರಬ್ಬರಿನಿಂದ ಸುತ್ತನ್ನು ಅಳಿಸಿದೆ. ಮರುದಿನ ಬೆಳಗ್ಗೆ ನಾನೇ ಕೆಳಗಿಳಿದು ಹೋಗಿ ಹಾಳೆ ಕೊಟ್ಟು, ಎಲ್ಲ ಬರೋಬರ್ ಇದೆ ಎಂದೆ. ಅವರು ಎರಡೂ ಕೈಯಿಂದ ಹಾಳೆ ಇಸಿದುಕೊಂಡರು.

ನನ್ನನ್ನು ಕೆಟ್ಟವನೆನ್ನಿ, ಬೇಡವೆನ್ನುವುದಿಲ್ಲ. ಆ ಭಾನುವಾರವಿಡೀ ನನಗೆ ಸಂತೋಷವಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಹದಿನೈದು ದಿನದ ಮೇಲೆ ಶಿವಶರಣಪ್ಪನವರು ಪೇಡೆಯ ಪೊಟ್ಟಣ ಹಿಡಿದು ಬಂದರು. ಈ ಸಲ ಕೂತರು. ಪಾಸಾಗಿದ್ದರು, ಕೆಲಸ ಪಕ್ಕಾ ಆಗಿತ್ತು. ನನ್ನ ಹೆಂಡತಿಗೆ ಹೇಳಿದರು, ಸರ್ ಇರದಿದ್ದರೆ ಆಗುತ್ತಿರಲಿಲ್ಲ ಎಂದು.

"ಭಾನುವಾರ ಸಂಜಿಮುಂದ ಅಕ್ಷತಾನ ಕೈಲೆ ಹೇಳಿ ಕಳಸಿದ್ರಲ್ರೀ ಸರ್, ಬಾರ್ ಇದ್ದಾಗ ಎರಡನೇ ಸಾಲಿಂದು ಹಿಡೀರಿ ಅಂತ. ಅದೇ ಬಂತು ನೋಡ್ರಿ. ಎರಡೂ ಉತ್ತರ ಬಾಜೂ ಬಾಜೂ ಇದ್ದವು."

ನಾನು ಅಕ್ಷತಾಳ ಕಡೆ ನೋಡಿದೆ. ನಾನು ಚಹಾ ಕುಡಿಯಲು ಎದ್ದಾಗ ಅವಳು ಮೇಜಿನ ಹತ್ತಿರ ಬಂದಿರಬೇಕು, ಸುತ್ತು ನೋಡಿರಬೇಕು. ಮರುದಿನ ನಾನು ಕೆಳಗೆ ಹೋಗಿ ಎಲ್ಲ ಬರೋಬರ್ ಎಂದದ್ದೂ ಅವಳ ಕಿವಿಗೆ ಬಿದ್ದಿರಬೇಕು. ಅವಳು ತಲೆ ಎತ್ತದೆ ಪೇಡೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು.

"ಹೌದು. ಪಪ್ಪಾನೇ ಹೇಳಿದ್ರು," ಎಂದಳು.

ಆ ಪೇಡೆ ತಿನ್ನುವುದಿದೆಯಲ್ಲ, ಅಂಥ ಕಷ್ಟದ ಕೆಲಸ ನಾನು ಮಾಡಿದ್ದಿಲ್ಲ. ಅವರು ಹೋದ ಮೇಲೆ ಅವಳು ಏನಾದರೂ ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಮರುದಿನದಿಂದ ಪುಸ್ತಕ ಹಿಡಿದು ನನ್ನ ಹತ್ತಿರ ಬಂದು ಕೂಡತೊಡಗಿದಳು, ಕೆಳಗೂ ಹೋಗುತ್ತಿದ್ದಳು. ನನ್ನ ಹತ್ತಿರ ಬರುವುದು ಕರುಣೆಯಿಂದ, ಅವರ ಹತ್ತಿರ ಹೋಗುವುದು ಪ್ರೀತಿಯಿಂದ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಬಯಲಾದರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ತಿಳಿದವರಿಗೆ ಅದರ ಸ್ವಭಾವ ಗೊತ್ತಿಲ್ಲ. ನನ್ನದು ಇನ್ನೂ ಹೆಚ್ಚಾಯಿತು. ಮಗಳು ಸುಳ್ಳು ಹೇಳುವುದನ್ನು ಕಲಿತದ್ದೂ ಅವರಿಗೋಸ್ಕರ ಅಲ್ಲವೇ ಎಂದು ಉರಿದೆ.

ಈಗ ಅವಳು ಸಂಭಾಜಿನಗರದಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿಯ ಕೊನೆಯ ವರ್ಷ ಓದುತ್ತಿದ್ದಾಳೆ. ರಸಾಯನಶಾಸ್ತ್ರವನ್ನೇ ಆರಿಸಿಕೊಂಡಳು. ಯಾರಿಂದಾಗಿ ಎಂದು ನಾನು ಕೇಳಿಲ್ಲ. ಅವಳ ಪ್ರಯೋಗಾಲಯದ ಫೋಟೊಗಳು ಒಮ್ಮೊಮ್ಮೆ ನನ್ನ ಫೋನಿಗಿಂತ ಮೊದಲು ಕೆಳಗಿನ ಮನೆಯ ಫೋನಿಗೆ ಬರುತ್ತವೆ. ಶಿವಶರಣಪ್ಪನವರು ಮೆಟ್ಟಿಲ ಮೇಲೆ ಸಿಕ್ಕು, ನೋಡಿದಿರಾ ಸರ್ ಎನ್ನುತ್ತಾರೆ. ನೋಡಿದೆ ಎನ್ನುತ್ತೇನೆ. ನೋಡಿರುವುದಿಲ್ಲ.

ಹೋದ ಭಾನುವಾರ ಆ ಮುದುಕ ಹಿಡಿದ ಗೇಜು ನೋಡಿದಾಗ ಇದೆಲ್ಲ ಮತ್ತೆ ಬಂತು. ಗೇಜು ಸೊನ್ನೆ ತೋರಿಸಿದರೂ ಒಳಗೆ ಒಂದು ಇದ್ದೇ ಇರುತ್ತದೆ ಎಂದು ಈಗ ನನಗೂ ಗೊತ್ತಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕೂಡಿಸಿಕೊಂಡು ಬಂದೆ. ಮನೆಗೆ ಬಂದವನು ಮೇಲೆ ಹತ್ತಲಿಲ್ಲ, ಕೆಳಗಿನ ಬಾಗಿಲು ತಟ್ಟಿದೆ. ಶಿವಶರಣಪ್ಪನವರು ಒಬ್ಬರೇ ಇದ್ದರು, ಮಿಕ್ಸರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ.

"ಅವತ್ತ ಅಕ್ಷತಾನ್ನ ನಾ ಕಳಸಿರಲಿಲ್ರಿ. ನಿಮ್ಮ ತಪ್ಪ ನನಗ ಕಂಡಿತ್ತು. ನೀವು ಫೇಲ್ ಆಗಲಿ ಅಂತ ಸುಮ್ಮನಿದ್ದೆ."

ಅವರು ಸ್ಕ್ರೂ ಒಂದನ್ನು ಹುಡುಕುತ್ತಿದ್ದರು. ಮಿಕ್ಸರಿನ ಅಡಿಯಿಂದ ಅದನ್ನು ಹೆಕ್ಕಿ ತೆಗೆದರು.

"ಗೊತ್ತದರಿ," ಎಂದರು. "ಅಳಸಿದ ಗುರ್ತ ಕಾಗದದ ಮ್ಯಾಲೆ ಇತ್ತಲ್ರಿ. ನನಗ ಕಂಡಿತ್ತು. ಯಾಕ ಅಳಸ್ಯಾರ ಅಂತ ತಿಳೀಲಿಲ್ಲ. ಸಂಜಿಗಿ ಆ ಹುಡುಗಿ ಕಾಲಾಗ ಚಪ್ಪಲ್ ಇಲ್ಲದ ಓಡಿ ಬಂತು. ಪಪ್ಪಾ ಹೇಳಲಿಕ್ಕಿ ಮರತಾರ, ಅವರೇ ಕಳಸ್ಯಾರ ಅಂತಂತು. ಅಂದು ಅಳಲಾಕ್ಹತ್ತಿತು. ಅವಾಗ ತಿಳೀತು."

ನಾಲ್ಕು ವರ್ಷ! ನಾಲ್ಕು ವರ್ಷ ಈ ಮನುಷ್ಯ ಎಲ್ಲ ಗೊತ್ತಿದ್ದು ನನ್ನನ್ನು ಸರ್ ಎಂದಿದ್ದರು, ಪೇಡೆ ತಿನ್ನಿಸಿದ್ದರು, ದ್ರಾಕ್ಷಿಯ ಕಾಲದಲ್ಲಿ ದ್ರಾಕ್ಷಿ ತಂದುಕೊಟ್ಟಿದ್ದರು. ಇಷ್ಟು ಚೆನ್ನಾಗಿ ಸುಮ್ಮನಿರಲು ಬರುತ್ತದಲ್ಲ ಎಂದು ಆ ಹೊತ್ತಿನಲ್ಲೂ ನನಗೆ ಅವರ ಮೇಲೆ ಕಿಚ್ಚೇ ಆಯಿತು. ನಾನು ಕೆಟ್ಟದ್ದು ಮಾಡಿದೆ, ಕ್ಷಮಿಸಿರಿ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು ಎಂದೆ.

ಅವರು ಸ್ಕ್ರೂವನ್ನು ಅಂಗೈಯಲ್ಲಿಟ್ಟು ಹೊರಳಿಸುತ್ತ ಕೂತರು.

"ನನ್ನ ಮಗ ಸೊಲ್ಲಾಪುರದಾಗ ದೋಸ್ತರ ಮುಂದ ನಮ್ಮಪ್ಪ ಇಂಜಿನಿಯರ್ ಅದಾನ ಅಂತ ಹೇಳ್ತಾನ್ರಿ ಸರ್. ಅದೂ ಸುಳ್ಳೇ. ಖರೆ, ಅದು ಅವ ತನ್ನ ಮಾನ ಉಳಸ್ಕೊಳ್ಳಾಕ ಹೇಳೂದು. ನಿಮ್ಮ ಹುಡುಗಿ ಹೇಳಿದ್ದು ನಿಮ್ಮ ಮಾನ ಉಳಸಲಾಕ. ಅವತ್ತ ಅಕಿ ಮ್ಯಾಲೆ ಹೋದ ಮ್ಯಾಲ ನನಗ ಪರೀಕ್ಷಾದ ನೆನಪ ಇರಲಿಲ್ರಿ. ರಾತ್ರಿ ಊಟ ಸೇರಲಿಲ್ಲ. ನಿಮ್ಮನ್ನ ನೆನಸಿಕೊಂಡು ಭಾಳ ಹೊಟ್ಟಿಕಿಚ್ಚ ಆತು."

ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ಆ ಮುಖ ಹೇಗಿರುತ್ತದೆಂದು ನನಗೆ ಗೊತ್ತಿತ್ತು.